ಹೆಸರಿಗೆ ಅಂಟಿಕೊಂಡ ‘ದಿ.’

ರೋಮಿನ ಚಕ್ರವರ್ತಿ ಆಂಟೊನೈನಸ್ ಪಯಸ್ ಬದುಕಿದ್ದಾಗ ಬಂದ ಒಂದು ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯವನ್ನೂ ಅವನು ಸತ್ತಮೇಲೆ ಬಂದ ಇನ್ನೊಂದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲಿನದರಲ್ಲಿ ತಲೆಯ ಸುತ್ತ ಅಕ್ಷರಗಳು ಸಂತೆಯ ಬಸ್ಸಿನಲ್ಲಿ ಜನ ನಿಂತ ಹಾಗೆ ಒತ್ತೊತ್ತಾಗಿ ನಿಂತಿರುತ್ತವೆ. ಹೆಸರಾದ ಮೇಲೆ ಅಗಸ್ಟಸ್, ಪಯಸ್, ರಾಷ್ಟ್ರಪಿತ, ಟ್ರಿಬ್ಯೂನ್ ಅಧಿಕಾರ ಇಷ್ಟನೆಯ ಸಲ ಎಂದು ಪದವಿಗಳ ಸಾಲು, ಎಲ್ಲವೂ ಒಂದೆರಡು ಅಕ್ಷರಕ್ಕೆ ಮೊಟಕಾಗಿ. ಎರಡನೆಯದರಲ್ಲಿ ಎರಡೇ ಪದ: ‘ದಿವುಸ್ ಆಂತೋನಿನುಸ್’. ಅಕ್ಷರಗಳ ನಡುವೆ ಗಾಳಿ ಆಡುತ್ತದೆ. ತಲೆಯ ಮೇಲಿದ್ದ ಲಾರೆಲ್ ಎಲೆಯ ಮಾಲೆಯೂ ಹೋಗಿ ಬರಿತಲೆ ಉಳಿದಿದೆ. ದೇವರಾದವನಿಗೆ ಇನ್ನಷ್ಟು ಬಿರುದು ಸೇರಬೇಕಿತ್ತಲ್ಲ, ಇದ್ದದ್ದೂ ಹೋಯಿತೇಕೆ ಎಂಬ ಪ್ರಶ್ನೆ ಈ ಜಾತಿಯ ನಾಣ್ಯ ಕೂಡಿಸುವವರನ್ನೆಲ್ಲ ಒಂದಲ್ಲ ಒಂದು ದಿನ ಕಾಡುತ್ತದೆ. ಉತ್ತರ ಸರಳ. ದೇವರಿಗೆ ಕಚೇರಿ ಇಲ್ಲ. ಕಾನ್ಸಲ್, ಟ್ರಿಬ್ಯೂನ್ ಎಂಬುದೆಲ್ಲ ಬದುಕಿರುವವರ ಹುದ್ದೆ. ಸತ್ತವನು ಚಾರ್ಜು ಒಪ್ಪಿಸಿ ಹೋಗಿದ್ದಾನೆ.

ಕನ್ನಡಿಗರಿಗೆ ಈ ‘ದಿವುಸ್’ ಅಪರಿಚಿತವೇನೂ ಅಲ್ಲ. ಸತ್ತವರ ಹೆಸರಿನ ಮೊದಲು ನಾವು ಹಾಕುವ ‘ದಿ.’ ಇದೆಯಲ್ಲ, ದಿವಂಗತ ಎಂಬುದರ ಗಿಡ್ಡರೂಪ, ಅದರ ‘ದಿವ’ಕ್ಕೂ ಲ್ಯಾಟಿನ್ನಿನ ‘ದಿವುಸ್’ಗೂ ಮೂಲ ಧಾತು ಒಂದೇ. ಅರ್ಥ ಮಾತ್ರ ರೋಮಿನಲ್ಲಿ ತುಸು ಬಿಗಿ. ಜ್ಯೂಪಿಟರನಂತೆ ಮೊದಲಿನಿಂದಲೂ ದೇವರಾಗಿದ್ದವನು ‘ದೆಉಸ್’. ಮನುಷ್ಯನಾಗಿದ್ದು, ಸತ್ತು, ಸೆನೆಟ್ ಸಭೆ ನಿರ್ಣಯ ಮಾಡಿದ ಮೇಲೆ ದೇವರ ಸಾಲಿಗೆ ಸೇರಿದವನು ‘ದಿವುಸ್’, ಹೆಂಗಸಾದರೆ ‘ದಿವಾ’. ನಾಣ್ಯದ ಮೇಲೆ ‘ಯು’ ಅಕ್ಷರವನ್ನೂ ‘ವಿ’ ಎಂದೇ ಕೆತ್ತುತ್ತಿದ್ದರು. ಹಾಗಾಗಿ ಹೊಸಬರು ಕೈಯಲ್ಲಿ ಹಿಡಿದು ಓದುವಾಗ ಡಿ-ಐ-ವಿ-ವಿ-ಎಸ್ ಎಂದು ಕಂಡರೆ ಗಾಬರಿಯಾಗಬೇಕಿಲ್ಲ.

ನಮ್ಮ ಮದುವೆ ಕಾಗದಗಳನ್ನೂ ಇಲ್ಲಿ ನೆನಪಿಸಿಕೊಳ್ಳಬೇಕು. ‘ದಿ. ಇಂಥವರ ಮೊಮ್ಮಗ’ ಎಂದು ಅಚ್ಚಾಗುವುದು ಅಜ್ಜನ ಉಪಯೋಗಕ್ಕಲ್ಲ. ಹುಡುಗ ಯಾವ ಮನೆಯವನು ಎಂದು ಊರಿಗೆ ತಿಳಿಯಲಿ ಎಂದು. ದೈವೀಕೃತ ಚಕ್ರವರ್ತಿಗಳ ನಾಣ್ಯಗಳೂ ಹೀಗೆಯೇ. ಮುಖ ಸತ್ತವನದು, ಕೆಲಸ ಬದುಕಿರುವವನದು. ಆದರೆ ಹೊರಡಿಸಿದವನ ಹೆಸರು ಸಾಮಾನ್ಯವಾಗಿ ನಾಣ್ಯದ ಮೇಲೆಲ್ಲೂ ಇರುವುದಿಲ್ಲ. ಇದನ್ನು ತಿಳಿಯದೆ ಸಂಗ್ರಹಕ್ಕೆ ಇಳಿದವರು ಮೊದಲು ಎಡವುವುದು ಸೂಚಿಯಲ್ಲಿ. ಆರ್‌ಐಸಿ ಎಂದು ಕರೆಯುವ ರೋಮನ್ ಸಾಮ್ರಾಜ್ಯದ ನಾಣ್ಯಸೂಚಿಯಲ್ಲಿ ದಿವುಸ್ ಆಂಟೊನೈನಸನನ್ನು ಆಂಟೊನೈನಸನ ಅಧ್ಯಾಯದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವನು ತನ್ನ ದತ್ತುಮಕ್ಕಳಾದ ಮಾರ್ಕಸ್ ಔರೇಲಿಯಸ್ ಮತ್ತು ಲೂಸಿಯಸ್ ವೆರಸ್‌ರ ಅಧ್ಯಾಯದಲ್ಲಿದ್ದಾನೆ. ದಿವುಸ್ ವೆಸ್ಪಾಸಿಯನ್ ಮಗ ಟೈಟಸನ ಕೆಳಗೆ, ದಿವಾ ಫೌಸ್ಟೀನಾ ಗಂಡ ಆಂಟೊನೈನಸನ ಕೆಳಗೆ. ಆ ಸೂಚಿಯ ಉಚಿತ ಆನ್‌ಲೈನ್ ರೂಪ ‘ಓಕ್ರೆ’ಯನ್ನು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನಡೆಸುತ್ತದೆ, ಅಲ್ಲಿಯೂ ಇದೇ ಕ್ರಮ. ಮನೆಯ ಟ್ರೇಯಲ್ಲೂ ಸತ್ತವರ ವರಸೆಯಲ್ಲಿ ಜೋಡಿಸುವ ಬದಲು ಹೊರಡಿಸಿದವರ ವರಸೆಯಲ್ಲಿ ಜೋಡಿಸಿದರೆ ಈ ನಾಣ್ಯಗಳು ಮಾತಾಡತೊಡಗುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಯಶವಂತಪುರಕ್ಕೆ ಬಂದ ‘ದಿವಿ’

ಇಡೀ ಪದ್ಧತಿ ಶುರುವಾಗುವುದು ಜೂಲಿಯಸ್ ಸೀಸರನಿಂದ. ಕ್ರಿ.ಪೂ. 44ರಲ್ಲಿ ಕೊಲೆಯಾದ, ಅದೇ ವರ್ಷ ಅವನ ನೆನಪಿನ ಕ್ರೀಡೆಗಳ ಹೊತ್ತಿಗೆ ಆಕಾಶದಲ್ಲಿ ಧೂಮಕೇತು ಕಂಡಿತು, ಕ್ರಿ.ಪೂ. 42ರಲ್ಲಿ ಸೆನೆಟ್ ಅವನನ್ನು ದೇವರೆಂದಿತು. ಎಂಟು ಕಿರಣ, ಮೇಲಕ್ಕೆ ಎದ್ದ ಬಾಲ, ಎಡಬಲಕ್ಕೆ ‘ದಿವುಸ್ ಯೂಲಿಉಸ್’ ಎಂದಿರುವ ಅಗಸ್ಟಸನ ಧೂಮಕೇತು ಡಿನೇರಿಯಸ್ ಈ ಸಂಗ್ರಹದವರೆಲ್ಲರ ಕನಸು. ಬೆಲೆಯೂ ಕನಸಿನದೇ. ಆದರೆ ದತ್ತುಮಗ ಅಗಸ್ಟಸ್ ಈ ದೈವತ್ವದಿಂದ ನಿಜವಾದ ಬಡ್ಡಿ ಎತ್ತಿದ್ದು ಬೇರೊಂದು ಪುಟ್ಟ ಪದಗುಚ್ಛದಲ್ಲಿ: ‘ದಿವಿ ಎಫ್’. ಎಫ್ ಎಂದರೆ ಫಿಲಿಉಸ್, ಮಗ. ದಿವಂಗತರ ಮಗ, ಹಾಗೆಯೇ ದೇವರ ಮಗ.

1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ 163 ರೋಮನ್ ಬೆಳ್ಳಿ ನಾಣ್ಯಗಳ ನಿಧಿಯಲ್ಲಿ ಅಗಸ್ಟಸ್, ಟೈಬೀರಿಯಸ್‌ರ ಡಿನೇರಿಯಸ್‌ಗಳಿವೆ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಇದೇ ಕಾಲದ ನಾಣ್ಯ ಬಂದಿದೆ. ದಕ್ಷಿಣ ಭಾರತದಲ್ಲಿ ಅತಿ ಹೆಚ್ಚು ಸಿಗುವ ರೋಮನ್ ಬೆಳ್ಳಿ ಎಂದರೆ ಎರಡು ಬಗೆ. ಅಗಸ್ಟಸನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್ ಗುರಾಣಿ ಹಿಡಿದು ನಿಂತದ್ದು ಒಂದು; ಅದರ ಮುಂಬದಿಯಲ್ಲಿ ‘ಸೀಸರ್ ಅಗಸ್ಟಸ್, ದಿವಿ ಎಫ್, ರಾಷ್ಟ್ರಪಿತ’ ಎಂದಿದೆ. ಹಿಂಬದಿಯಲ್ಲಿ ಕುಳಿತ ಹೆಣ್ಣಿನ ಚಿತ್ರವಿರುವ ಟೈಬೀರಿಯಸನದು ಇನ್ನೊಂದು. ಅದರಲ್ಲಿ ‘ಟೈಬೀರಿಯಸ್ ಸೀಸರ್, ದಿವಿ ಔಗ್ ಎಫ್’, ದಿವಂಗತ ಅಗಸ್ಟಸನ ಮಗ ಎಂದು. ಮೆಣಸು ಮುತ್ತು ಕೊಂಡವರ ಕೈಯಿಂದ ಹೊರಟ ‘ದಿವಿ’ ಎಂಬ ಪದ ಎರಡು ಸಾವಿರ ವರ್ಷದ ಹಿಂದೆಯೇ ನಮ್ಮ ನೆಲಕ್ಕೆ ಇಳಿದಿತ್ತು. ಇಲ್ಲಿನವರು ತೂಕ ನೋಡಿದರೋ ಅಕ್ಷರ ನೋಡಿದರೋ ಎಂದು ಕೇಳಿದರೆ, ತೂಕ ಎನ್ನುವುದೇ ಸರಿ.

ಇಲ್ಲೊಂದು ಎಚ್ಚರಿಕೆ. ‘ದಿವಿ’ ಕಂಡ ಕೂಡಲೆ ಇದು ದೈವೀಕೃತನ ನಾಣ್ಯ ಎಂದು ಮಾರುವವರಿದ್ದಾರೆ. ‘ದಿವಿ ಎಫ್’ ಇದ್ದರೆ ಚಿತ್ರದಲ್ಲಿರುವವನು ಬದುಕಿದ್ದಾನೆ, ಸತ್ತವನು ಅವನಪ್ಪ. ‘ದಿವುಸ್’ ಅಥವಾ ‘ದಿವೊ’ ಎಂದಿದ್ದರೆ ಮಾತ್ರ ಚಿತ್ರದವನೇ ಸತ್ತಿದ್ದಾನೆ. ‘ದಿವೊ’ ಚತುರ್ಥಿ ವಿಭಕ್ತಿ, ‘ದಿವಂಗತನಿಗೆ’ ಎಂದು. ಒಂದು ಅಕ್ಷರದ ವ್ಯತ್ಯಾಸ, ಬೆಲೆಯಲ್ಲಿ ಕೆಲವೊಮ್ಮೆ ಹತ್ತುಪಟ್ಟು.

ಮೇಣದ ಮೈ, ನವಿಲುಗರಿ

ಹಿಂಬದಿಯಲ್ಲಿ ‘ಕೊನ್ಸೆಕ್ರಾತಿಯೊ’ (ದೇವರ ಸಾಲಿಗೆ ಸೇರಿಸುವುದು) ಎಂಬ ಪದ ಕಾಣತೊಡಗುವುದು ಟ್ರೇಜನ್ ತನ್ನ ಅಕ್ಕ ಮಾರ್ಸಿಯಾನಾ ಸತ್ತಾಗ, ಕ್ರಿ.ಶ. 112ರ ಆಸುಪಾಸಿನಲ್ಲಿ, ಹೊರಡಿಸಿದ ನಾಣ್ಯಗಳಿಂದ. ಅಲ್ಲಿಂದ ಮುಂದೆ ಅದು ಈ ಬಗೆಯ ನಾಣ್ಯದ ಸೀಲು ಇದ್ದ ಹಾಗೆ. ಜೊತೆಗೆ ಬರುವ ಚಿತ್ರಗಳು ನಾಲ್ಕೈದೇ: ಹದ್ದು, ನವಿಲು, ಬಲಿಪೀಠ, ಚಿತೆ, ಆನೆ ಇಲ್ಲವೇ ಕುದುರೆ ಕಟ್ಟಿದ ರಥ. ಹದ್ದು ಜ್ಯೂಪಿಟರನದು, ಗಂಡಸರಿಗೆ. ನವಿಲು ಜೂನೋದೇವಿಯದು, ಹೆಂಗಸರಿಗೆ ಎಂದು ಹೇಳುವ ರೂಢಿ. ಪೂರ್ತಿ ನಿಜವಲ್ಲ. ಸ್ವತಃ ಮಾರ್ಸಿಯಾನಾಳಿಗೇ ಹದ್ದು ಸಿಕ್ಕಿದೆ. (ನವಿಲು ನಮ್ಮ ಕಡೆಯಿಂದ ಹೋದ ಹಕ್ಕಿ. ಇಲ್ಲಿ ಸುಬ್ರಹ್ಮಣ್ಯನನ್ನು ಹೊತ್ತದ್ದು ಅಲ್ಲಿ ರಾಣಿಯರನ್ನು ಹೊತ್ತಿತು. ಚಕ್ರವರ್ತಿ ಮ್ಯಾಕ್ಸಿಮಿನಸ್‌ನ ಹೆಂಡತಿ ಪೌಲಿನಾಳ ಡಿನೇರಿಯಸ್ಸಿನಲ್ಲಿ ಅವಳು ನವಿಲಿನ ಬೆನ್ನೇರಿ ಹೋಗುವುದನ್ನೇ ತೋರಿಸಿದ್ದಾರೆ.)

ಈ ಚಿತ್ರಗಳ ಹಿಂದಿನ ಸಮಾರಂಭ ಹೇಗಿತ್ತು ಎಂಬುದಕ್ಕೆ ಕಣ್ಣಾರೆ ಕಂಡವನ ಸಾಕ್ಷಿ ಇದೆ. ಪರ್ಟಿನ್ಯಾಕ್ಸ್ ಎಂಬ ಮುದುಕ ಚಕ್ರವರ್ತಿ 193ರ ಮಾರ್ಚಿನಲ್ಲಿ ತನ್ನದೇ ಕಾವಲು ಸೈನಿಕರಿಂದ ಕೊಲೆಯಾದ. ಕೆಲವೇ ತಿಂಗಳಲ್ಲಿ ಸಿಂಹಾಸನ ಹಿಡಿದ ಸೆಪ್ಟಿಮಿಯಸ್ ಸೆವೆರಸ್, ಸತ್ತವನ ಸೇಡು ತೀರಿಸುವವನು ನಾನೇ ಎಂದು ಹೇಳಿಕೊಂಡು ‘ಪರ್ಟಿನ್ಯಾಕ್ಸ್’ ಎಂಬ ಹೆಸರನ್ನೂ ತನ್ನ ಹೆಸರಿಗೆ ಸೇರಿಸಿಕೊಂಡ. ಆಮೇಲೆ ಅವನಿಗೆ ಭರ್ಜರಿ ಅಂತ್ಯಕ್ರಿಯೆ ನಡೆಸಿದ. ಆ ದಿನ ಸೆನೆಟರನಾಗಿ ಅಲ್ಲಿ ಕುಳಿತಿದ್ದ ಕ್ಯಾಸಿಯಸ್ ಡಿಯೊ ಬರೆದಿಟ್ಟದ್ದು ಇದು. ರೋಮಿನ ನಡುಚೌಕವಾದ ಫೋರಮ್ಮಿನಲ್ಲಿ ಮರದ ವೇದಿಕೆ, ಅದರ ಮೇಲೆ ಗೋಡೆಯಿಲ್ಲದ, ದಂತ-ಚಿನ್ನದ ಕಂಬಗಳ ಮಂಟಪ. ಅದರೊಳಗಿನ ಮಂಚದ ಮೇಲೆ ಮಲಗಿದ್ದು ಮೇಣದ ಗೊಂಬೆ, ವಿಜಯೋತ್ಸವದ ಉಡುಪು ತೊಟ್ಟು. ಪಕ್ಕದಲ್ಲಿ ಒಬ್ಬ ಚೆಂದದ ಹುಡುಗ ನವಿಲುಗರಿ ಹಿಡಿದು, ನಿದ್ದೆ ಹೋದವರ ಮೇಲೆ ನೊಣ ಕೂರದಂತೆ ಬೀಸುವ ಹಾಗೆ, ಆ ಮೇಣದ ಮುಖಕ್ಕೆ ಬೀಸುತ್ತ ನಿಂತಿದ್ದ. ಮೆರವಣಿಗೆಯಲ್ಲಿ ಚಿನ್ನದ ಲೇಪದ ಬಲಿಪೀಠ ಬಂತು; ಅದಕ್ಕೆ ದಂತವನ್ನೂ ಭಾರತದ ರತ್ನಗಳನ್ನೂ ಕೂರಿಸಿತ್ತು. ಕೊನೆಗೆ ಮಾರ್ಸ್ ಮೈದಾನದಲ್ಲಿ ಗೋಪುರದಂಥ ಮೂರಂತಸ್ತಿನ ಚಿತೆ, ಅದರ ತುದಿಯಲ್ಲಿ ಪರ್ಟಿನ್ಯಾಕ್ಸ್ ಓಡಿಸುತ್ತಿದ್ದ ಚಿನ್ನದ ಲೇಪದ ರಥ. ಕಾನ್ಸಲರು ಬೆಂಕಿ ಇಟ್ಟರು. ಚಿತೆಯೊಳಗಿಂದ ಹದ್ದೊಂದು ಹಾರಿಹೋಯಿತು. ಹೀಗೆ ಪರ್ಟಿನ್ಯಾಕ್ಸ್ ಅಮರನಾದ ಎಂದು ಡಿಯೊ ಒಂದೇ ವಾಕ್ಯದಲ್ಲಿ ಮುಗಿಸುತ್ತಾನೆ.

ಇದನ್ನು ತಲೆಯಲ್ಲಿಟ್ಟುಕೊಂಡು 161ರ ದಿವುಸ್ ಆಂಟೊನೈನಸನ ಚಿತೆಯ ಡಿನೇರಿಯಸ್ಸನ್ನು ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಎಂಬ ಭೂತಗನ್ನಡಿಯಲ್ಲಿ ನೋಡಬೇಕು. 18 ಮಿಲಿಮೀಟರ್ ಅಗಲ, ಮೂರು ಗ್ರಾಮಿಗೆ ತುಸು ಮೇಲೆ. ಅಷ್ಟು ಜಾಗದಲ್ಲಿ ನಾಲ್ಕಂತಸ್ತು, ಒಂದಕ್ಕಿಂತ ಒಂದು ಕಿರಿದು, ನಮ್ಮ ತೇರಿನ ಹಾಗೆ. ಕೆಳಗಿನದಕ್ಕೆ ಹೂಮಾಲೆ ಇಳಿಬಿಟ್ಟಿದೆ. ಅದರ ಮೇಲಿನದರ ನಡುವೆ ಬಾಗಿಲು, ಎಡಬಲಕ್ಕೆ ಗೂಡುಗಳಲ್ಲಿ ಕಡ್ಡಿಯಷ್ಟು ಸಣ್ಣ ವಿಗ್ರಹಗಳು. ತುತ್ತತುದಿಯಲ್ಲಿ ರಥ. ಡಿಯೊ ಕಂಡ ರಥ ಇಲ್ಲಿ ಮೂವತ್ತು ವರ್ಷ ಮೊದಲೇ ಇದೆ, ಅಂದರೆ ಅದು ಆ ಹೊತ್ತಿಗೇ ಸಂಪ್ರದಾಯವಾಗಿತ್ತು. ಕೊಳ್ಳುವವರು ಗಮನಿಸಬೇಕಾದದ್ದೂ ಆ ರಥವನ್ನೇ. ಅಚ್ಚು ಒಂದು ಕೂದಲಷ್ಟು ಮೇಲಕ್ಕೆ ಸರಿದಿದ್ದರೂ ಅಂಚಿನಾಚೆ ಹೋಗುವುದು ಅದು. ಉಳಿದರೂ ಚಲಾವಣೆಯಲ್ಲಿ ಸವೆದು ಕುದುರೆಗಳು ಒಂದು ಗಂಟಾಗಿಬಿಡುತ್ತವೆ. ಮುಂಬದಿಯ ಮುಖ ಸ್ವಲ್ಪ ಸವೆದಿದ್ದರೂ ಚಿಂತೆಯಿಲ್ಲ, ಹಿಂಬದಿ ನಟ್ಟನಡುವೆ ಕೂತಿರುವ ನಾಣ್ಯ ಆರಿಸಿಕೊಳ್ಳಿ. ಅವನದೇ ಇನ್ನೊಂದು ಬಗೆಯಲ್ಲಿ ಕಟಕಟೆ ಸುತ್ತಿದ ಕಂಬ, ತುದಿಯಲ್ಲಿ ಮೂರ್ತಿ, ‘ದಿವೊ ಪಿಒ’, ದಿವಂಗತ ಪಯಸನಿಗೆ, ಎಂಬ ಬರಹ. ಆ ಕಂಬದ ಪೀಠ ಈಗ ವ್ಯಾಟಿಕನ್ ವಸ್ತುಸಂಗ್ರಹಾಲಯದಲ್ಲಿದೆ. ರೆಕ್ಕೆಯ ಯುವಕನೊಬ್ಬ ಆಂಟೊನೈನಸ್-ಫೌಸ್ಟೀನಾ ದಂಪತಿಯನ್ನು ಹೊತ್ತು ಮೇಲೇರುವ ಆ ಕೆತ್ತನೆ ಕಂಡರೆ, ವೀರಗಲ್ಲಿನ ನಡುಪಟ್ಟಿಯಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು ನಮ್ಮವರಿಗೆ ನೆನಪಾಗದೆ ಇರದು. ಪೀಠದ ಶಾಸನದಲ್ಲಿ ಆ ದತ್ತುಮಕ್ಕಳಿಬ್ಬರೂ ಹೆಸರು ಹಾಕಿಸಿಕೊಂಡಿದ್ದಾರೆ. ನಾಣ್ಯದಲ್ಲಿ ಹಾಕಿಸಿಕೊಂಡಿಲ್ಲ. ಜನರಿಗೆ ಗೊತ್ತೇ ಇತ್ತು.

ಇಬ್ಬರು ಫೌಸ್ಟೀನಾ

ಎಲ್ಲರ ಟ್ರೇಯಲ್ಲೂ ಮೊದಲು ಬಂದು ಕೂರುವ ದಿವಾ ಎಂದರೆ ಹಿರಿಯ ಫೌಸ್ಟೀನಾ. 140ರಲ್ಲಿ ಸತ್ತಳು. ಗಂಡ 161ರವರೆಗೂ ಬದುಕಿ, ಆ ಇಪ್ಪತ್ತು ವರ್ಷವೂ ಅವಳ ಹೆಸರಿನಲ್ಲಿ ನಾಣ್ಯ ಹೊರಡಿಸುತ್ತಲೇ ಹೋದ. ಹಾಗಾಗಿ ಇವಳ ವಿಷಯದಲ್ಲಿ ಲೆಕ್ಕ ತಿರುಗುಮುರುಗು: ಸತ್ತಮೇಲಿನ ನಾಣ್ಯ ಸುಲಭ, ಬದುಕಿದ್ದಾಗಿನದು ಅಪರೂಪ. ‘ಐತೆರ್ನಿತಾಸ್’, ‘ಔಗುಸ್ತಾ’, ‘ಚೆರೆಸ್’ ಎಂಬ ಬರಹಗಳಿರುವ ಡಿನೇರಿಯಸ್‌ಗಳು ಬೇಕಾದಷ್ಟು. ಮಗಳು ಕಿರಿಯ ಫೌಸ್ಟೀನಾ ಮಾರ್ಕಸ್ ಔರೇಲಿಯಸನ ಹೆಂಡತಿ. ಅವಳೂ ದಿವಾ ಆದಳು. ಮಾರುವವರು ಇಬ್ಬರನ್ನು ಅದಲುಬದಲು ಮಾಡುವುದು ನಿತ್ಯದ ಮಾತು. ಜಡೆ ನೋಡಿ. ಅಮ್ಮನದು ನೆತ್ತಿಯ ಮೇಲೆ ಸುತ್ತಿದ ತುರುಬು, ಮುತ್ತಿನ ಸರ ಸಹಿತ. ಮಗಳದು ಅಲೆಅಲೆಯಾಗಿ ಬಾಚಿ ಕತ್ತಿನ ಹಿಂದೆ ಕಟ್ಟಿದ ಗಂಟು. ಬರಹವೂ ನೆರವಾಗುತ್ತದೆ: ದಿವಾ ಫೌಸ್ಟೀನಾ ಎಂದಾದ ಮೇಲೆ ‘ಪಿಆ’ ಇದ್ದರೆ ಅದು ಮಗಳು. ಅಮ್ಮನ ಗುಡಿ ರೋಮಿನ ಫೋರಮ್ಮಿನಲ್ಲಿ ಇನ್ನೂ ನಿಂತಿದೆ. ಗಂಡ ಸತ್ತಮೇಲೆ ಅವನ ಹೆಸರನ್ನೂ ಅದೇ ಗುಡಿಗೆ ಸೇರಿಸಿದರು.

ಡೀಸಿಯಸನ ಹನ್ನೊಂದು ಮಂದಿ

ಸಂಗ್ರಹಕ್ಕೆ ಒಂದು ಗಡಿ ಬೇಕು ಎನ್ನುವವರಿಗೆ ಟ್ರೇಜನ್ ಡೀಸಿಯಸ್ ಎಂಬ ಚಕ್ರವರ್ತಿಯ ಸರಣಿಗಿಂತ ಒಳ್ಳೆಯದಿಲ್ಲ. 250-51ರ ಸುಮಾರಿಗೆ ಅವನು ಹಳೆಯ ದಿವುಸ್‌ಗಳಲ್ಲಿ ಹನ್ನೊಂದು ಮಂದಿಯನ್ನು ಒಟ್ಟಿಗೆ ಎಬ್ಬಿಸಿದ: ಅಗಸ್ಟಸ್, ವೆಸ್ಪಾಸಿಯನ್, ಟೈಟಸ್, ನರ್ವಾ, ಟ್ರೇಜನ್, ಹೇಡ್ರಿಯನ್, ಆಂಟೊನೈನಸ್ ಪಯಸ್, ಮಾರ್ಕಸ್ ಔರೇಲಿಯಸ್, ಕಾಮೊಡಸ್, ಸೆಪ್ಟಿಮಿಯಸ್ ಸೆವೆರಸ್, ಸೆವೆರಸ್ ಅಲೆಕ್ಸಾಂಡರ್. ಒಬ್ಬೊಬ್ಬರಿಗೂ ಎರಡು ಹಿಂಬದಿ, ಹದ್ದು ಒಂದು, ಉರಿಯುವ ಬಲಿಪೀಠ ಒಂದು. ಒಟ್ಟು 22. ಆರ್‌ಐಸಿಯಲ್ಲಿ ಡೀಸಿಯಸನ ಕೆಳಗೆ 77ರಿಂದ 98ರವರೆಗಿನ ಅಂಕಿಗಳು. ನಾಣ್ಯ ಎರಡು ಡಿನೇರಿಯಸ್ ಬೆಲೆಯದೆನ್ನುವ ಆಂಟೊನಿನಿಯಾನಸ್ ಬಗೆಯದು, ಅದರ ಗುರುತಾದ ಸೂರ್ಯಕಿರಣದ ಕಿರೀಟ ಎಲ್ಲರ ತಲೆಯ ಮೇಲೂ ಇದೆ. ಪಟ್ಟಿಯಲ್ಲಿ ಇಲ್ಲದವರೇ ಹೆಚ್ಚು ಕುತೂಹಲ ಹುಟ್ಟಿಸುತ್ತಾರೆ. ಕ್ಲಾಡಿಯಸ್ ಇಲ್ಲ, ಲೂಸಿಯಸ್ ವೆರಸ್ ಇಲ್ಲ, ಅಷ್ಟು ವೈಭವದಿಂದ ಹೊತ್ತಿ ಉರಿದ ಪರ್ಟಿನ್ಯಾಕ್ಸ್ ಇಲ್ಲ. ಅಖಾಡಕ್ಕಿಳಿದು ಮಾನ ಕಳೆದುಕೊಂಡ ಕಾಮೊಡಸ್ ಇದ್ದಾನೆ! ಈ ಡೀಸಿಯಸ್ಸೇ ಸಾಮ್ರಾಜ್ಯದವರೆಲ್ಲ ದೇವರಿಗೆ ಬಲಿ ಕೊಟ್ಟು ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದವನು. ಅಂಥ ಪತ್ರಗಳು ಈಜಿಪ್ಟಿನ ಪಪೈರಸ್ ಹಾಳೆಗಳಲ್ಲಿ ಉಳಿದಿವೆ. ಸೈನ್ಯದ ಬಲದಿಂದ ಪಟ್ಟಕ್ಕೆ ಬಂದು, ತನ್ನ ಹೆಸರಿಗೆ ಟ್ರೇಜನ್ ಎಂದು ಜೋಡಿಸಿಕೊಂಡವನಿಗೆ ಹನ್ನೊಂದು ಮಂದಿ ದಿವಂಗತ ಹಿರಿಯರು ಬೇಕಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. 251ರಲ್ಲಿ ಗಾಥರೆದುರು ಯುದ್ಧದಲ್ಲಿ ಸತ್ತ.

ಈ ಸರಣಿಯ ಕೆಲವು ನಾಣ್ಯಗಳನ್ನು ಹಳೆಯ ಡಿನೇರಿಯಸ್‌ಗಳ ಮೇಲೆಯೇ ಮತ್ತೆ ಅಚ್ಚೊತ್ತಿದ್ದಾರೆ. ಹದ್ದಿನ ರೆಕ್ಕೆಯ ಕೆಳಗೆ ಯಾವುದೋ ಬೇರೆ ಅಕ್ಷರದ ತುಣುಕು, ಕಿರೀಟದೊಳಗೆ ಇನ್ನೊಬ್ಬರ ಗಲ್ಲ ಕಂಡರೆ ಅದು ದೋಷವೆಂದು ಬಿಡಬೇಡಿ, ಸಂತೋಷಪಡಿ. ಆದರೆ ತೂಕ ಕಡಿಮೆ ಇರುತ್ತದೆ ಎಂಬುದು ತಿಳಿದಿರಲಿ.

ಅಗ್ಗದ ದೇವರು

ಹೆಚ್ಚು ಖರ್ಚಿಲ್ಲದೆ ಶುರುಮಾಡಲು 270ರಲ್ಲಿ ಸತ್ತ ಚಕ್ರವರ್ತಿ ಕ್ಲಾಡಿಯಸ್ ಗೋಥಿಕಸ್ ಸಾಕು. ‘ದಿವೊ ಕ್ಲಾಉದಿಒ’, ಹಿಂಬದಿಯಲ್ಲಿ ಹದ್ದು ಇಲ್ಲವೇ ಬಲಿಪೀಠ. ಹೆಸರಿಗಷ್ಟೇ ಬೆಳ್ಳಿ ಬೆರೆಸಿದ ತಾಮ್ರ, ಲೆಕ್ಕವಿಲ್ಲದಷ್ಟು ಸಿಗುತ್ತದೆ. (ಸೂಚಿಯ ಮಟ್ಟಿಗೆ ಇವನೊಬ್ಬ ಅಪವಾದ, ಅವನದೇ ಅಧ್ಯಾಯದ ಕೊನೆಯಲ್ಲಿದ್ದಾನೆ.) ಟಂಕಸಾಲೆಯ ಅಸಲಿ ನಾಣ್ಯ ಸುಮಾರು ಎರಡೂವರೆ ಗ್ರಾಂ. ಗಾಲ್, ಬ್ರಿಟನ್, ಉತ್ತರ ಆಫ್ರಿಕಾಗಳಲ್ಲಿ ಜನ ಇದನ್ನು ನಕಲು ಮಾಡಿದ್ದೇ ಮಾಡಿದ್ದು. ಒಂದು ಗ್ರಾಮಿಗೂ ಕಡಿಮೆ ತೂಗುವ, ಬಲಿಪೀಠ ಬರೀ ಚೌಕಳಿಯಾಗಿ, ಅಕ್ಷರಗಳು ಕಡ್ಡಿಗೆರೆಗಳಾಗಿ ಉಳಿದ ಚೂರುಗಳು ಸಿಗುತ್ತವೆ. ಅವೂ ಆ ಕಾಲದವೇ, ಇಂದಿನ ಖೋಟಾ ಅಲ್ಲ, ಅವುಗಳನ್ನೇ ಕೂಡಿಸುವವರಿದ್ದಾರೆ. ಇವನಿಗೆ ಎರಡನೆಯ ಸುತ್ತೂ ಬಂತು. 317-18ರಲ್ಲಿ ಕಾನ್‌ಸ್ಟಂಟೈನ್ ತಾನು ಈ ಕ್ಲಾಡಿಯಸನ ವಂಶದವನೆಂದು ಹೇಳಿಕೊಂಡು, ಮುಸುಕು ಹೊದ್ದ ತಲೆಯ ಪುಟ್ಟ ಕಂಚಿನ ನಾಣ್ಯ ಹೊರಡಿಸಿದ. ಮದುವೆ ಕಾಗದ, ಮತ್ತೆ.

ಬೆಳ್ಳಿಯಲ್ಲಿ ಮೋಸ ಎರಡು ತೆರ. ತಾಮ್ರದ ತಿರುಳಿಗೆ ಬೆಳ್ಳಿ ಹೊದಿಸಿದ್ದು ಪ್ರಾಚೀನರ ಮೋಸ. ಅಂಚಿನಲ್ಲಿ, ಮೂಗಿನ ತುದಿಯಲ್ಲಿ ಹಸಿರು ಇಣುಕುತ್ತದೆ, ತೂಕ ಎರಡೂವರೆ ಗ್ರಾಮಿನತ್ತ ಇಳಿದಿರುತ್ತದೆ. ಎರಕ ಹೊಯ್ದದ್ದು ಈಗಿನವರ ಮೋಸ. ಅಂಚಿನ ಸುತ್ತ ಅರ ಹಾಕಿ ಅಳಿಸಿದ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳ್ಳೆ, ಅಕ್ಷರದ ಬುಡ ಸಾಬೂನಿನ ಹಾಗೆ ಮೆದು. ಅಚ್ಚೊತ್ತಿದ ಖೋಟಾ ಇನ್ನೂ ಜಾಣತನದ್ದು. ಒಂದೇ ಜೋಡಿ ಅಚ್ಚಿನ, ಒಂದೇ ಕಡೆ ಸವೆದ ಎರಡು ನಾಣ್ಯ ಕಂಡರೆ ಎರಡನ್ನೂ ಬಿಡಿ. 0.01 ಗ್ರಾಂ ತೋರಿಸುವ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಲೂಪ್ ಇಷ್ಟಿಲ್ಲದೆ ದುಡ್ಡು ಬಿಚ್ಚಬಾರದು.

ತಂದ ಮೇಲೆ ಹುಣಸೆಹಣ್ಣು, ನಿಂಬೆಹುಳಿ, ಪೀತಾಂಬರಿ ಪುಡಿಯ ಹತ್ತಿರ ಹೋಗಬೇಡಿ. ದೇವರ ಪಾತ್ರೆ ಬೆಳಗುವ ನಮ್ಮ ಕೈ ತಡೆಯುವುದು ಕಷ್ಟ, ಆದರೆ ಹುಳಿ ತಾಗಿದ ಕಂಚಿನ ಹಸಿರು ಪೊರೆ ಮತ್ತೆ ಬರುವುದಿಲ್ಲ, ಅರ್ಧ ಬೆಲೆ ಅಲ್ಲಿಗೆ ಹೋಯಿತು. ಮಣ್ಣಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಅದು ಸಾದಾ ಕಿಲುಬಲ್ಲ, ಲೋಹದೊಳಗಿನ ಕ್ಲೋರೈಡ್ ತೇವ ಕುಡಿದು ತಿನ್ನುತ್ತಿರುವ ಕಂಚಿನ ರೋಗ. ಆ ನಾಣ್ಯವನ್ನು ತಕ್ಷಣ ಬೇರೆಯಿಡಿ. ಮಂಗಳೂರು ಕಡೆಯ ಮಳೆಗಾಲದಲ್ಲಿ ಇದು ವಾರದೊಳಗೆ ಏಳಬಲ್ಲದು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಆ ಜೆಲ್ಲನ್ನು ಬಿಸಿಮಾಡಿ ಒಣಗಿಸುವುದು, ಇಷ್ಟು ಮಾಡಲೇಬೇಕು. ಮೆತ್ತನೆಯ ಪಿವಿಸಿ ಚೀಲ ಕೆಲ ವರ್ಷಗಳಲ್ಲಿ ಅಂಟು ಬಿಡುತ್ತದೆ. ಅಸಿಟೋನ್‌ನಲ್ಲಿ ತೊಳೆದು ಮೈಲಾರ್ ಹಾಳೆಯ ಹೋಲ್ಡರಿಗೆ ಬದಲಿಸಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಹೊಲದಲ್ಲಿ ಸಿಕ್ಕಿತು ಎಂದು ಯಾರಾದರೂ ತಂದರೆ ಕೊಳ್ಳಬೇಡಿ. ನಿಧಿ ಸಿಕ್ಕವರು ಹೋಗಬೇಕಾದದ್ದು ಜಿಲ್ಲಾಧಿಕಾರಿಯ ಹತ್ತಿರ.

ಕೊನೆಯ ‘ದಿ.’

337ರಲ್ಲಿ ಕಾನ್‌ಸ್ಟಂಟೈನ್ ಸತ್ತ, ದೀಕ್ಷಾಸ್ನಾನ ಪಡೆದ ಕ್ರೈಸ್ತನಾಗಿ. ಕೆಲವೇ ತಿಂಗಳಲ್ಲಿ ಅವನ ಮಲತಮ್ಮಂದಿರೂ ತಮ್ಮಂದಿರ ಮಕ್ಕಳೂ ಕೊಲೆಯಾಗಿ, ಮೂವರು ಗಂಡುಮಕ್ಕಳು ರಾಜ್ಯ ಹಂಚಿಕೊಂಡರು. ಆಗ ಬಂದ ಪುಟ್ಟ ಕಂಚಿನ ನಾಣ್ಯಕ್ಕೆ 15 ಮಿಲಿಮೀಟರ್, ಒಂದೂವರೆ ಗ್ರಾಂ ಚಿಲ್ಲರೆ. ಮುಂಬದಿಯಲ್ಲಿ ಮುಸುಕು ಹೊದ್ದ ತಲೆ, ಸುತ್ತ ‘ಡಿ ವಿ ಕಾನ್‌ಸ್ಟಂಟಿನುಸ್ ಪಿ ಟಿ ಔಗ್ಗ್’: ದಿ. ಕಾನ್‌ಸ್ಟಂಟೈನ್, ಅಗಸ್ಟಸರ, ಅಂದರೆ ಚಕ್ರವರ್ತಿಗಳ, ತಂದೆ. ಜಿ ಅಕ್ಷರ ಎರಡು ಸಲ ಬಂದರೆ ಬಹುವಚನ. ಸತ್ತವನಿಗೆ ಉಳಿದ ಒಂದೇ ಪದವಿ ಬದುಕಿರುವ ಮಕ್ಕಳ ಅಪ್ಪ ಎಂಬುದು. ಹಿಂಬದಿಯಲ್ಲಿ ನಾಲ್ಕು ಕುದುರೆಯ ರಥ ಮೇಲಕ್ಕೆ ಹೋಗುತ್ತಿದೆ. ಚಿತೆಯಿಲ್ಲ, ಹದ್ದಿಲ್ಲ, ಕೊನ್ಸೆಕ್ರಾತಿಯೊ ಎಂಬ ಪದವಿಲ್ಲ. ಮೇಲಿನಿಂದ ಒಂದು ಕೈ ಇಳಿದುಬಂದು ಅವನ ಕೈಯತ್ತ ಚಾಚಿದೆ. ಆ ಕೈ ಉಗುರಿನ ಚೂರಿನಷ್ಟೇ ಇರುತ್ತದೆ, ಹತ್ತರಲ್ಲಿ ಏಳು ನಾಣ್ಯಗಳಲ್ಲಿ ಅಂಚಿನಾಚೆ ಬಿದ್ದುಹೋಗಿರುತ್ತದೆ ಎಂದುಕೊಂಡೇ ಹುಡುಕಬೇಕು. ಬರಹ ಶುರುವಾಗುವುದು ಎಡಗಡೆ ಕೆಳಮೂಲೆಯಿಂದ. ತಗಡು ಚಿಕ್ಕದು, ಅಚ್ಚು ದೊಡ್ಡದು, ಹಾಗಾಗಿ ಆ ಮೂಲೆಯ ‘ಡಿ ವಿ’ ಬಹಳ ಸಲ ಅರ್ಧಕ್ಕೆ ಕತ್ತರಿಸಿರುತ್ತದೆ. ಮುಸುಕಿದ್ದರೆ ಸಾಕು, ಗುರುತಿಗೆ ತೊಂದರೆಯಿಲ್ಲ. ಆದರೂ ಆ ಎರಡಕ್ಷರವೂ ಆ ಕೈಯೂ ಒಟ್ಟಿಗೆ ತಗಡಿನೊಳಗೆ ಬಿದ್ದಿರುವ ಒಂದು ಸಿಗುವವರೆಗೆ ಕಾಯುವುದು ಒಳ್ಳೆಯದು. ಕಾದವರಿಗೆ ಸಿಗುತ್ತದೆ, ಬೆಲೆಯೂ ಅಷ್ಟೇನಿಲ್ಲ.